ಪದ ಬೇಕಿತ್ತು: ನರ ಕೊಯ್ದು ರಕ್ತ ಹರಿಸುವ ಚಿಕಿತ್ಸೆಗೆ ಏನನ್ನೋಣ?

ಬಳಗಕ್ಕೆ ನಮಸ್ಕಾರ. ಶಾಲಾ ಮಕ್ಕಳ ವಸ್ತುಪ್ರದರ್ಶನಕ್ಕೆ ಮಧ್ಯಯುಗದ ಯುರೋಪಿನ ವೈದ್ಯದ ಬಗ್ಗೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಚಿತ್ರದಲ್ಲಿ ರೋಗಿ ಕೋಲನ್ನು ಬಿಗಿಯಾಗಿ ಹಿಡಿದಿದ್ದಾನೆ, ಮೊಣಕೈ ಮಡಿಕೆಯಲ್ಲಿ ನರ ಉಬ್ಬಿದೆ. ಕ್ಷೌರಿಕ ಅದನ್ನು ಕೊಯ್ದು ಬಟ್ಟಲಲ್ಲಿ ರಕ್ತ ಹಿಡಿಯುತ್ತಿದ್ದಾನೆ. ಜ್ವರ ಬಂದರೆ ಮೈಯಲ್ಲಿ ರಕ್ತ ಜಾಸ್ತಿಯಾಗಿದೆ ಅಂತ ಹೀಗೆ ಮಾಡುತ್ತಿದ್ದರಲ್ಲ, ಅದು. ‘ರಕ್ತ ತೆಗೆಯುವುದು’ ಅಂದರೆ ಮಕ್ಕಳು ಲ್ಯಾಬಿನ ರಕ್ತಪರೀಕ್ಷೆ ಅಂದುಕೊಳ್ಳುತ್ತಾರೆ. ‘ರಕ್ತಮೋಕ್ಷಣ’ ಆಗುತ್ತದೆಯೇ? ಇನ್ನೊಂದು: ಮೈಯಲ್ಲಿ ಇವೆ ಅಂತ ಆ ವೈದ್ಯರು ನಂಬಿದ್ದ ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ, ಈ ನಾಲ್ಕಕ್ಕೂ ಸೇರಿಸಿ ‘ದೋಷ’ ಅನ್ನಬಹುದೇ?
— ಮೈಸೂರಿನಿಂದ

ರಕ್ತಮೋಕ್ಷಣ ಬೇಡ. ಅದು ಇಡೀ ಗುಂಪಿನ ಹೆಸರು. ಜಿಗಣೆ ಹಚ್ಚಿದರೂ ಅದೇ, ಕೊಂಬಿಟ್ಟು ಹೀರಿದರೂ ಅದೇ, ಸೋರೆಬುರುಡೆ ಇಟ್ಟರೂ ಅದೇ. ರಕ್ತನಾಳ ಚುಚ್ಚಿ (ನರ ಅಲ್ಲ) ರಕ್ತ ಬಿಡುವುದಕ್ಕೆ ಸುಶ್ರುತ ಸಂಹಿತೆಯಲ್ಲಿ ‘ಸಿರಾವ್ಯಧ’ ಅಂತ ಬೇರೆ ಹೆಸರೇ ಇದೆ. ಅದನ್ನು ಹಾಕಿ. ‘ದೋಷ’ ಖಂಡಿತ ಕೂಡದು. ನಮ್ಮ ಆಯುರ್ವೇದದ ತ್ರಿದೋಷ ವಾತ, ಪಿತ್ತ, ಕಫ. ಅಲ್ಲಿ ರಕ್ತ ಧಾತು, ಅಂದರೆ ಮೈ ಕಟ್ಟುವ ಅಂಶ. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ನಾಲ್ಕರಲ್ಲಿ ವಾತವೇ ಇಲ್ಲ.
— ಉಡುಪಿಯಿಂದ

ಮಕ್ಕಳು ಓದುವ ಫಲಕಕ್ಕೆ ಸಿರಾವ್ಯಧವೇ? ಮೋಕ್ಷಣದ ಬೇರು ‘ಮುಚ್’, ಬಿಡು ಅಂತ ಅರ್ಥ. ಮೋಕ್ಷವೂ ಅಲ್ಲಿಂದಲೇ ಬಂದದ್ದು. ಬಿಡು, ಇಳಿ, ಹರಿ ಎಲ್ಲ ನಮ್ಮಲ್ಲಿರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ‘ನೆತ್ತರಿಳಿಕೆ’ ಅನ್ನಿ. ಸಾಲ ತಂದು ತಂದು ಕನ್ನಡದ ಮಾತು ಕಟ್ಟುವ ಕಸುವೇ ಹೋಗುತ್ತಿದೆ.
— ಶಿವಮೊಗ್ಗದಿಂದ

‘ಇಳಿಕೆ’ ತಾನಾಗಿ ಆಗುವುದು. ಇಲ್ಲಿ ಚೂರಿ ಹಿಡಿದು ಇಳಿಸುವವನಿದ್ದಾನೆ. ಈ ಪದ ನಿಲ್ಲುವುದಿಲ್ಲ.

ಸಾಲ ಅಂದ್ರೆ ಅಷ್ಟು ಸಿಟ್ಟು ಯಾಕೆ? ನಮ್ಮ ಕಡೆ ಇವತ್ತಿಗೂ ದವಾಖಾನೆ ಅಂತೇವೆ. ನೀವು ಹೇಳುವ ‘ಆಸ್ಪತ್ರೆ’ಯೂ ಕಡಲು ದಾಟಿ ಬಂದದ್ದೇ. ವೈದ್ಯ ಬಂದ ದಾರಿಯಲ್ಲೇ ಮಾತೂ ಬರುತ್ತದೆ. ಗ್ಯಾಲೆನ್‌ನ ವಿದ್ಯೆ ಅರಬ್ಬಿ, ಪಾರ್ಸಿಗಳ ಮೂಲಕ ಯುನಾನಿ ಆಗಿ ನಮ್ಮ ಬಿಜಾಪುರಕ್ಕೂ ಬಂತು. ಯುನಾನಿ ಹಕೀಮರು ಇದೇ ಚಿಕಿತ್ಸೆಗೆ ‘ಫಸ್ದ್’ ಅಂತಾರೆ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಹಿಂದೂಸ್ತಾನದ ವೈದ್ಯವನ್ನು ಪಾರ್ಸಿಯಲ್ಲಿ ಬರೆದ. ಅವನು ನಮ್ಮಿಂದ ತೆಗೆದುಕೊಳ್ಳಲಿಲ್ಲವೇ?

ಮೈಸೂರಿನವರೇ, ಒಂದೇ ಪದಕ್ಕೆ ಕಾಯಬೇಡಿ. ‘ನರ ಕೊಯ್ದು ರಕ್ತ ಹರಿಸುವ ಚಿಕಿತ್ಸೆ’ ಅಂತ ನೀವೇ ತಲೆಬರಹದಲ್ಲಿ ಬರೆದಿದ್ದೀರಿ. ಅದೇ ಇರಲಿ. ಮೊಣಕೈಯದನ್ನು ಜನ ನರ ಅಂತಲೇ ಅನ್ನುವುದು. ನಾಲ್ಕಕ್ಕೂ ‘ದೇಹದ್ರವ’ ಹಾಕಿ ಅಚ್ಚಿಗೆ ಕೊಡಿ.
— ವಿಜಯಪುರದಿಂದ