ಮರಲಿಂಗದ ಮಣ್ಣು, ನಮ್ಮ ಮನೆಯ ಗುಂಪು

ನವನಗರ ಕಾಕಾ: (ಫಾರ್ವರ್ಡ್ ಸಂದೇಶ) "ಆಸ್ಟ್ರೇಲಿಯಾದ ಮರಲಿಂಗದಲ್ಲಿ ಬ್ರಿಟಿಷರು ಅಣುಬಾಂಬ್ ಸಿಡಿಸಿದ ಜಾಗಕ್ಕೆ ಈಗ ಪ್ರವಾಸಿಗರು ಹೋಗುತ್ತಾರೆ. ಮಣ್ಣು ಶುದ್ಧವಾಗಿದೆ. ವಿಕಿರಣದ ಭಯವೆಲ್ಲ ಸುಳ್ಳು." ಎಲ್ಲರೂ ಓದಿರಿ. ಸ್ವಚ್ಛ ಮಾಡಿದ ನೆಲಕ್ಕೆ ಇನ್ನೂ ಕಾವಲು ಕೂತು ಹಣ ಸುರಿಯುವುದು ವ್ಯರ್ಥವೆಂದು ನನಗೂ ಅನಿಸುತ್ತದೆ.

ನಾನು: ಕಾಕಾ, ಪ್ರವಾಸಿಗರು ಹೋಗುತ್ತಾರೆ ಎಂಬ ಮಾತು ನಿಜ, ಅದರ ಮುಂದಿನ ಎರಡು ಮಾತುಗಳು ತಪ್ಪು. ಅಲ್ಲಿ 1956 ಮತ್ತು 1957ರಲ್ಲಿ ಏಳು ದೊಡ್ಡ ಸ್ಫೋಟಗಳಾದವು, ಆದರೆ ನೆಲವನ್ನು ಹೆಚ್ಚು ಕೆಡಿಸಿದ್ದು ಅವಲ್ಲ. "ಸಣ್ಣ ಪ್ರಯೋಗ" ಎಂದು ಹೆಸರಿಟ್ಟು 1963ರವರೆಗೆ ನಡೆಸಿದ ಕೆಲಸಗಳಲ್ಲಿ, ಟಾರನಾಕಿ ಎಂಬ ಸ್ಥಳದಲ್ಲಿ, ಅಣುಬಾಂಬಿಗೆ ಬಳಸುವ ವಿಕಿರಣಶೀಲ ಲೋಹವಾದ ಪ್ಲುಟೋನಿಯಂ ಅನ್ನು, ಸುಮಾರು 22 ಕಿಲೋದಷ್ಟು, ಸಾಮಾನ್ಯ ಸಿಡಿಮದ್ದಿನಿಂದ ಹಾರಿಸಿ ಬಯಲಿಗೆ ಚೆಲ್ಲಿದರು. 1967ರಲ್ಲಿ ಬ್ರಿಟಿಷರು ನೇಗಿಲು ಹೊಡೆಸಿ ಮೇಲ್ಮಣ್ಣನ್ನು ಕೆಳಮಣ್ಣಿಗೆ ಬೆರೆಸಿ, ಸ್ವಚ್ಛವಾಯಿತೆಂದು ಹೊರಟುಹೋದರು. 1984ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಹೋಗಿ ಅಳೆದಾಗ ಪ್ಲುಟೋನಿಯಂ ಮೆತ್ತಿದ ಚೂರುಗಳು ಬಯಲಿನಲ್ಲಿ ಹಾಗೆಯೇ ಬಿದ್ದಿದ್ದವು. ಒಮ್ಮೆ ಉತ್ತು ಬೆರೆಸಿದ್ದನ್ನು ಮತ್ತೆ ಬೇರೆ ಮಾಡುವುದು ಎಷ್ಟು ಕಷ್ಟವೆಂದು ಒಕ್ಕಲುತನ ಮಾಡಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಗಾವಿ ಮಾಮಾ: ಆ ತಪ್ಪು ಅರ್ಥವಾಯಿತು. ಆದರೆ 1996ರಿಂದ 2000ದವರೆಗೆ ಹತ್ತು ಕೋಟಿಗೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್ ಖರ್ಚು ಮಾಡಿ, ಮೇಲ್ಮಣ್ಣನ್ನು ಕೆರೆದು ಕಂದಕದಲ್ಲಿ ಹೂತಿದ್ದಾರಲ್ಲ? ನಾನು ಮೂವತ್ತು ವರ್ಷ ಗುತ್ತಿಗೆ ಕೆಲಸ ಮಾಡಿದವನು. ಕೆಲಸ ಮುಗಿದ ಮೇಲೆ ಕಡತ ಮುಚ್ಚಲೇಬೇಕು. ಬರಡು ನೆಲ ಅದು, ತಂತಿ ಬೇಲಿ ಹಾಕಿದರೆ ಸಾಕು.

ನಾನು: ಮಾಮಾ, ಬೇಲಿ ಹಾಕಿದರೆ ಸಾಕೆಂಬ ಮಾತಿಗೆ ಕಜಾಕಸ್ತಾನವನ್ನು ನೋಡಿರಿ. ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್ ಸರಕಾರ 1949ರಿಂದ 1989ರವರೆಗೆ 456 ಪರೀಕ್ಷೆಗಳನ್ನು ನಡೆಸಿತು, 1991ರಲ್ಲಿ ಆ ಜಾಗವನ್ನು ಮುಚ್ಚಲಾಯಿತು. ಕಾವಲು ಸಡಿಲಾದ ಮೇಲೆ, ಹೊಟ್ಟೆಪಾಡಿಗಾಗಿ ಜನರು ಅಲ್ಲಿನ ಡೆಗೆಲೆನ್ ಬೆಟ್ಟದಲ್ಲಿ ಪರೀಕ್ಷೆಗೆಂದು ಕೊರೆದಿದ್ದ ಸುರಂಗಗಳಿಗೆ ಇಳಿದು ತಾಮ್ರದ ತಂತಿಯನ್ನು ಕಿತ್ತು ಗುಜರಿಗೆ ಮಾರಿದರು. ಆ ಬೆಟ್ಟದೊಳಗೆ ಪ್ಲುಟೋನಿಯಂ ಉಳಿದಿತ್ತು. ಕಜಾಕಸ್ತಾನ, ರಷ್ಯಾ, ಅಮೆರಿಕ ಸೇರಿ ಅದನ್ನು ಭದ್ರಪಡಿಸಿ ಮುಗಿಸಿದ್ದು 2012ರಲ್ಲಿ. ಬಡವರು ಇರುವ ಕಡೆ ಯಾವ ನೆಲವೂ ಯಾರಿಗೂ ಬೇಡದ ನೆಲವಾಗಿ ಉಳಿಯುವುದಿಲ್ಲ.

ಇನ್ನು ಮರಲಿಂಗದ ಎರಡನೆಯ ಸ್ವಚ್ಛತೆಯಲ್ಲಿ ನನಗೆ ಬಹಳ ಸರಿಯೆನಿಸಿದ್ದು ಹೂಳಿದ ಮಣ್ಣಿನ ಪ್ರಮಾಣವಲ್ಲ, ಅಳತೆಯ ರೀತಿ. ಪ್ಲುಟೋನಿಯಂನ ಆಲ್ಫಾ ಕಿರಣವು ಒಂದು ಹಾಳೆ ಕಾಗದವನ್ನೂ ದಾಟಲಾರದು, ಆದರೆ ಧೂಳಿನ ಜೊತೆ ಉಸಿರಿಗೆ ಸೇರಿದ ಕಣವು ಶ್ವಾಸಕೋಶದಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಹಾನಿ ಮಾಡುತ್ತದೆ. ಅಲ್ಲಿನ ಮೂಲನಿವಾಸಿಗಳು ನೆಲದ ಮೇಲೆಯೇ ಕೂತು, ನೆಲದ ಮೇಲೆಯೇ ಬೆಂಕಿ ಹಾಕಿ ಬೇಯಿಸಿ, ಅಲ್ಲಿಯೇ ಮಲಗುವವರು; ಅವರ ಮಕ್ಕಳು ಇಡೀ ದಿನ ಕೆಂಪು ಧೂಳಿನಲ್ಲಿ ಆಡುವವರು. ಪಟ್ಟಣದ ಮನೆಯಲ್ಲಿ ಇರುವವನಿಗೆ ಎಷ್ಟು ತಗಲುತ್ತದೆ ಎಂದಲ್ಲ, ಹೀಗೆ ಬದುಕುವವರಿಗೆ ಎಷ್ಟು ತಗಲುತ್ತದೆ ಎಂದು ಲೆಕ್ಕ ಹಾಕಿ, ಮೈಗೆ ತಗಲುವ ವಿಕಿರಣ ವರ್ಷಕ್ಕೆ 5 ಮಿಲಿಸೀವರ್ಟ್ (ವಿಕಿರಣದ ಅಳತೆಯ ಮಾನ) ಮೀರಬಾರದೆಂದು ಗೆರೆ ಎಳೆದರು. ಮಣ್ಣಿನಲ್ಲಿ ಪ್ಲುಟೋನಿಯಂ ನೇರವಾಗಿ ಸಿಗುವುದು ಕಷ್ಟವಾದ್ದರಿಂದ, ಅದರೊಡನೆ ಇರುವ ಅಮೆರಿಸಿಯಂ ಎಂಬ ಇನ್ನೊಂದು ವಿಕಿರಣಶೀಲ ಲೋಹ ಸೂಸುವ ಗಾಮಾ ಕಿರಣವನ್ನು ಹಿಡಿದು ಅದರ ಜಾಡು ಹುಡುಕುತ್ತಾರೆ.

ವಿಜಯಪುರ ಅಕ್ಕ: ತಂಗಿ, ಅಂಥ ನೆಲದಲ್ಲಿ ಬೆಳೆದದ್ದನ್ನು ತಿನ್ನಬಹುದೇ?

ನಾನು: ಅಕ್ಕಾ, ಅದಕ್ಕೆ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಜನರ ಕಥೆಯೇ ಉತ್ತರ. 1946ರಲ್ಲಿ ಅಮೆರಿಕವು ಅವರನ್ನು ಎಬ್ಬಿಸಿ ಅಲ್ಲಿ 23 ಪರೀಕ್ಷೆಗಳನ್ನು ಮಾಡಿತು. ಆಮೇಲೆ, ಅಪಾಯವಿಲ್ಲವೆಂಬ ಭರವಸೆಯ ಮೇಲೆ ಕೆಲವು ಕುಟುಂಬಗಳು ಮರಳಿದವು, ತೆಂಗಿನಕಾಯಿಯಲ್ಲಿದ್ದ, ಸ್ಫೋಟದಿಂದ ಉಳಿದ ವಿಕಿರಣಶೀಲ ಸೀಸಿಯಂ ಅವರ ಮೈಯಲ್ಲಿ ಏರುತ್ತಿರುವುದು ಕಂಡು 1978ರಲ್ಲಿ ಮತ್ತೆ ಊರು ಬಿಡಿಸಿದರು. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ, ಹಾಗಾಗಿ ಬೇರು ಅದೇ ಗುಣದ ಸೀಸಿಯಂ ಅನ್ನು ಎಳೆದುಕೊಳ್ಳುತ್ತದೆ. ನಾವು ಕಬ್ಬಿಗೆ ಹಾಕುವ ಪೊಟ್ಯಾಷನ್ನೇ ತೆಂಗಿನ ಬುಡಕ್ಕೆ ಹಾಕಿ ನೋಡಿದಾಗ ಕಾಯಿಯಲ್ಲಿನ ಸೀಸಿಯಂ ಬಹಳ ಇಳಿಯಿತು. ಆದರೆ ಮಣ್ಣಿನಲ್ಲಿದ್ದದ್ದು ಮಣ್ಣಿನಲ್ಲಿಯೇ ಇದೆ, ಅದು ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಗೊಬ್ಬರ ಹಾಕಿದವರು ಕಾಯಿಯನ್ನೂ ಅಳೆಯುತ್ತಲೇ ಇರಬೇಕು.

ಬೆಳಗಾವಿ ಮಾಮಾ: ಆದರೂ ಅದಕ್ಕೊಂದು ಕೊನೆ ಬೇಡವೇ?

ನಾನು: ಮಾಮಾ, ಮುಧೋಳದ ಕಾಲುವೆ ಕೆಳಗಿನ ನಮ್ಮ ಹೊಲ ಸವಳಾದಾಗ ನೆಲದಡಿ ಬಸಿಗಾಲುವೆಯ ಪೈಪು ಹಾಕಿಸಿದ್ದು ನಿಮಗೆ ನೆನಪಿದೆ. ಹಾಕಿದವರು ಬಿಲ್ ಪಡೆದು ಹೋದರು, ಪೈಪಿನ ಬಾಯಿ ಹೂಳು ತುಂಬಿದ್ದನ್ನು ಯಾರೂ ನೋಡಲಿಲ್ಲ, ನಾಲ್ಕನೆಯ ಬೇಸಗೆಗೆ ಸುಣ್ಣ ಬಳಿದಂತೆ ಬಿಳಿ ಪದರ ಮತ್ತೆ ಮೇಲೆದ್ದಿತು. ಮುತ್ಯಾ ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಉಗುಳಿ, ಏನೂ ಮಾತನಾಡದೆ ಮನೆಗೆ ಬಂದರು. ಸವಳು ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ತಿಳಿಯುತ್ತದೆ. ಪ್ಲುಟೋನಿಯಂ ಎರಡಕ್ಕೂ ಸಿಗುವುದಿಲ್ಲ, ಅದು ಅರ್ಧವಾಗಲು 24,000 ವರ್ಷ ಬೇಕು. ಅಂಥದ್ದರ ಕಡತವನ್ನು ಯಾವ ಧೈರ್ಯದಿಂದ ಮುಚ್ಚುವುದು?

ನವನಗರ ಕಾಕಾ: ಇಷ್ಟೆಲ್ಲ ತೊಂದರೆಯಿದ್ದರೆ ಆ ಜನ ಬೇರೆ ಕಡೆ ನೆಲೆಸಬಾರದೇ?

ವಿಜಯಪುರ ಅಕ್ಕ: ಕಾಕಾ, ಹಳೆಯ ಬಾಗಲಕೋಟೆಯ ನಿಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೂ, ಬೇಸಗೆಯಲ್ಲಿ ನೀರು ಇಳಿದಾಗಲೆಲ್ಲ ನೀವು ಓಣಿಯ ಕಡೆ ಹೋಗಿ ನಿಂತು ಬರುತ್ತಿದ್ದಿರಿ.

ನವನಗರ ಕಾಕಾ: ಹೌದು. ಒಮ್ಮೆ ನಮ್ಮ ಅಂಗಳದ ಬಾವಿಯ ಕಟ್ಟೆ ಕಂಡಿತ್ತು.

(ಅರ್ಧ ಗಂಟೆಯ ನಂತರ)

ನವನಗರ ಕಾಕಾ: ನಾನು ಇದನ್ನು ನಿವೃತ್ತ ಶಿಕ್ಷಕರ ಗುಂಪಿಗೂ ಕಳಿಸಿದ್ದೇನೆ. ಮೊದಲ ಸಾಲನ್ನು ಉಳಿಸಿ, ಉಳಿದೆರಡನ್ನು ತಿದ್ದಿ ಕಳಿಸುತ್ತೇನೆ. ಈಗ ಆ ನೆಲ ಯಾರದು, ಅಲ್ಲಿ ಏನು ಮಾಡಬಹುದು ಎಂಬುದನ್ನು ಬರೆದು ಕೊಡು.

ನಾನು: ಬರೆದುಕೊಳ್ಳಿರಿ ಕಾಕಾ. ಪರೀಕ್ಷೆ ನಡೆದ ಪ್ರದೇಶವನ್ನು 2009ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮರಲಿಂಗ ಜರುಟ್ಜ ಜನರಿಗೆ ಮರಳಿಸಲಾಯಿತು. ಟಾರನಾಕಿಯ ಸುತ್ತ ಗಡಿಯ ಫಲಕಗಳಿವೆ. ಅವುಗಳ ಒಳಗೆ ಅವರು ಬೇಟೆಯಾಡಬಹುದು, ಹಾದು ಹೋಗಬಹುದು; ಕಾಯಂ ಬಿಡಾರ ಹೂಡುವಂತಿಲ್ಲ.