ಎರಡು ವಾಕ್ಯಗಳ ನಡುವೆ ಯಾವ ಚಿಹ್ನೆ? ಅನುಭವ ಇದ್ದವರು ತಿಳಿಸಿ

ನಮ್ಮೂರಿನ ಹಾಲು ಉತ್ಪಾದಕರ ಸಂಘದ ವಾರ್ಷಿಕ ವರದಿ ಬರೆಯುವ ಹೊಣೆ ನನ್ನದು. ಕಳೆದ ವರ್ಷ ಕರಡು ತಿದ್ದಿ ಬಂದಾಗ ಪುಟದ ತುಂಬ ಕೆಂಪು ಗುರುತು. ತಮ್ಮಷ್ಟಕ್ಕೆ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಕೂಡಿಸುವಾಗ ಅಲ್ಪವಿರಾಮ (,) ಸಾಕೇ, ಅರ್ಧವಿರಾಮ (;) ಬೇಕೇ? ನೀವು ಹೇಗೆ ಬರೆಯುತ್ತೀರಿ?

ಕರಡು ತಿದ್ದುವವರು:
ಹದಿನೆಂಟು ವರ್ಷಗಳಿಂದ ಇದೇ ನನ್ನ ಕೆಲಸ. ನನ್ನನ್ನು ಹೆಚ್ಚು ಕಾಡಿದ ಪದ ‘ಆದರೆ’. ಒಂದು ವರದಿಯಲ್ಲಿ ಹೀಗಿತ್ತು: ‘ಅವರು ಅಧ್ಯಕ್ಷರು ಆದರೆ ಸಭೆಗೆ ಬರುವುದಿಲ್ಲ.’ ಅಧ್ಯಕ್ಷರಾಗಿದ್ದೂ ಬರುತ್ತಿಲ್ಲವೇ? ಅಧ್ಯಕ್ಷ ಸ್ಥಾನ ಸಿಕ್ಕಿದರೆ ಬರುವುದನ್ನು ಬಿಡುತ್ತಾರೆಯೇ? ಬರೆದವರನ್ನೇ ಕೇಳಬೇಕಾಯಿತು. ಮೊದಲ ಅರ್ಥಕ್ಕೆ ‘ಅವರು ಅಧ್ಯಕ್ಷರು, ಆದರೆ ಸಭೆಗೆ ಬರುವುದಿಲ್ಲ’ ಎಂದಾಗಬೇಕು. ಎರಡನೆಯದಕ್ಕೆ ‘ಅಧ್ಯಕ್ಷರಾದರೆ’ ಎಂದು ಕೂಡಿಸಿ ಬರೆಯಬೇಕು. ಅಂದಿನಿಂದ ಆದರೆ, ಆದರೂ, ಆದ್ದರಿಂದ ಇವು ಬರುವ ಮೊದಲು ಅರ್ಧವಿರಾಮ ಹಾಕುತ್ತೇನೆ. ವಾಕ್ಯಗಳು ತೀರ ಚಿಕ್ಕವಾಗಿದ್ದರೆ ಅಲ್ಪವಿರಾಮವನ್ನೂ ಒಪ್ಪುತ್ತೇನೆ. ‘ಆದರೆ’ ಮುಗಿದ ಮೇಲೆ ಅಲ್ಪವಿರಾಮ ಇಡುವ ರೂಢಿಯನ್ನು ಮಾತ್ರ ಒಪ್ಪುವುದಿಲ್ಲ. ಓದುವವರು ಉಸಿರು ತೆಗೆದುಕೊಳ್ಳುವುದು ಆ ಪದಕ್ಕೆ ಮೊದಲು.

ಪ್ರೌಢಶಾಲೆಯ ಕನ್ನಡ ಶಿಕ್ಷಕಿ:
ಸಂಯೋಜಿತ ವಾಕ್ಯದ ಪಾಠದಲ್ಲಿ ನಾನು ಚಿಹ್ನೆಗಿಂತ ಮೊದಲು ಕ್ರಿಯಾಪದ ನೋಡಲು ಹೇಳುತ್ತೇನೆ. ‘ಸದಸ್ಯರು ವರದಿ ಓದಿದರು ಮತ್ತು ಚರ್ಚಿಸಿದರು ಮತ್ತು ಅಂಗೀಕರಿಸಿದರು’ ಎಂಬುದು ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ. ಕೆಲಸ ಮಾಡಿದವರು ಒಬ್ಬರೇ ಆದಾಗ ನಮ್ಮ ಭಾಷೆ ‘ಓದಿ, ಚರ್ಚಿಸಿ, ಅಂಗೀಕರಿಸಿದರು’ ಎಂದು ಹೂವಿನಂತೆ ಪೋಣಿಸುತ್ತದೆ. ಕರ್ತೃ ಬದಲಾದರೆ ಅರ್ಧವಿರಾಮ ಇಡಿ: ‘ಕಾರ್ಯದರ್ಶಿಗಳು ವರದಿ ಓದಿದರು; ಸದಸ್ಯರು ಅಂಗೀಕರಿಸಿದರು.’ ಇನ್ನು ‘ಮೇವಿನ ಬೆಲೆಯೂ ಏರಿತು, ಸಾಗಣೆ ವೆಚ್ಚವೂ ಏರಿತು’ ಎಂಬಲ್ಲಿ ‘ಊ’ ಪ್ರತ್ಯಯವೇ ಎರಡನ್ನೂ ಬೆಸೆದಿದೆ. ಅಲ್ಪವಿರಾಮ ಧಾರಾಳವಾಗಿ ಸಾಕು.

ಹಸ್ತಪ್ರತಿ ಓದುವವರೊಬ್ಬರು:
ತಾಳೆಗರಿಗಳಲ್ಲಿ ಈ ಚಿಹ್ನೆಗಳಿಲ್ಲ. ಇವು ಅಚ್ಚಿನೊಂದಿಗೆ ನಮ್ಮಲ್ಲಿ ರೂಢಿಯಾದವು. ಅಷ್ಟು ಶತಮಾನ ಚಿಹ್ನೆಯಿಲ್ಲದೆ ನಡೆದದ್ದು ಶಿಕ್ಷಕಿಯವರು ಹೇಳಿದ ‘ಊ’ ಪ್ರತ್ಯಯ ಮತ್ತು ‘ಓದಿ, ಚರ್ಚಿಸಿ’ಯಂಥ ಕೃದಂತಗಳ ಬಲದಿಂದ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಮೊದಲ ಪುಟದಲ್ಲಿ ಒಂಬತ್ತು ‘ಮತ್ತು’ ಇದ್ದವು, ಈಗ ಎರಡಿವೆ. ‘ಹಾಲಿನ ಶೇಖರಣೆ ಹೆಚ್ಚಿದೆ, ಆದರೆ ಲಾಭ ಇಳಿದಿದೆ’ ಎಂದು ತಿದ್ದಿದ್ದೇನೆ. ‘ಮಳೆ ತಡವಾದ್ದರಿಂದ ಹಸಿ ಮೇವು ಸಿಗಲಿಲ್ಲ’ ಎಂಬಲ್ಲಿ ಏನೂ ಹಾಕಿಲ್ಲ. ಸರಿಯಲ್ಲವೇ?

ಕರಡು ತಿದ್ದುವವರು:
ಸರಿ. ಅಲ್ಲಿ ‘ಆದ್ದರಿಂದ’ ಕ್ರಿಯೆಯೊಳಗೇ ಸೇರಿಹೋಗಿದೆ. ‘ಮಳೆ ತಡವಾಯಿತು, ಆದ್ದರಿಂದ…’ ಎಂದು ಬಿಡಿಸಿದಾಗ ಮಾತ್ರ ಚಿಹ್ನೆ ಬೇಕು.