ದೋಣಿ ಎಬ್ಬಿಸುವ ಅಲೆಗೆ ಕನ್ನಡದಲ್ಲಿ ಬೇರೆ ಹೆಸರಿದೆಯೇ?

ಎಲ್ಲರಿಗೂ ನಮಸ್ಕಾರ.

ಶರಾವತಿ ದಂಡೆಯ ನಮ್ಮೂರಲ್ಲಿ ಈಗ ದೋಣಿ ವೇಗದ್ದೇ ಮಾತು. ಹೊನ್ನಾವರದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಬರುವವರನ್ನು ಕೂರಿಸಿಕೊಂಡು ಮೋಟಾರು ದೋಣಿಗಳು ಓಡಾಡುತ್ತವೆ. ಅವು ಹೋದ ಬೆನ್ನಿಗೇ ಬರುವ ಅಲೆ ದಂಡೆಯ ಮಣ್ಣು ಕೊಚ್ಚುತ್ತದೆ, ಪಾತಿ ದೋಣಿಯಲ್ಲಿ ನಿಂತು ಬಲೆ ಬೀಸುವವನ ಆಯ ತಪ್ಪಿಸುತ್ತದೆ ಎಂದು ಕೆಲವರ ದೂರು. ಮೆಲ್ಲಗೆ ಹೋದರೆ ದಿನಕ್ಕೆ ಎರಡು ಸುತ್ತು ಖೋತಾ, ಡೀಸೆಲ್ ದುಡ್ಡು ಯಾರು ಕೊಡುತ್ತಾರೆ ಎಂದು ಉಳಿದವರು. ನನ್ನ ಪಾಲಿಗೆ ಬಂದದ್ದು ಚಿಕ್ಕ ಕೆಲಸ: ಧಕ್ಕೆಯ ಬಳಿ ಹಾಕುವ ಫಲಕದ ಕನ್ನಡ ತಿದ್ದಿಕೊಡುವುದು.

ಕೈಗೆ ಬಂದ ಕರಡು ಹೀಗಿತ್ತು: 'ಎಚ್ಚರರಹಿತ ವಲಯ. ವೇಗಮಿತಿ ಗಂಟೆಗೆ 5 ನಾಟ್.'

ಮೊದಲ ಸಾಲು ಓದಿ ನಕ್ಕೆ. ಮೂಲದಲ್ಲಿ 'ನೋ ವೇಕ್ ಝೋನ್' ಇದ್ದಿರಬೇಕು. ಇಲ್ಲಿನ ವೇಕ್‌ಗೂ ನಿದ್ದೆಗೂ ಸಂಬಂಧವಿಲ್ಲ. ಅದು ದೋಣಿ ಸಾಗಿದ ಮೇಲೆ ನೀರಿನಲ್ಲಿ ಉಳಿಯುವ ಜಾಡು, ಅಲೆ. ಎರಡನೆಯದರಲ್ಲಿ 'ಗಂಟೆಗೆ' ಬೇಡ. ನಾಟ್ ಅಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. (ಹಿಂದೆ ಗಂಟು ಹಾಕಿದ ಹಗ್ಗವನ್ನು ಹಡಗಿನ ಹಿಂದೆ ಬಿಟ್ಟು, ಎಷ್ಟು ಗಂಟು ಹೊರಹೋಯಿತೆಂದು ಎಣಿಸುತ್ತಿದ್ದರಂತೆ. 'ಗಂಟೆಗೆ 5 ಗಂಟು' ಎಂದು ಬರೆಯುವ ಆಸೆಯನ್ನು ಕಷ್ಟಪಟ್ಟು ಅದುಮಿಕೊಂಡಿದ್ದೇನೆ.)

ಕರಡನ್ನು ಒಬ್ಬ ಹಿರಿಯ ಅಂಬಿಗರಿಗೆ ಓದಿ ಹೇಳಿದೆ. "ದೋಣಿಯಲ್ಲಿ ಮೀಟರ್ ಎಲ್ಲುಂಟು ಮಾರಾಯ್ರೆ? 'ನೀರು ಏಳಿಸ್ಬೇಡಿ' ಅಂತ ಬರೀರಿ, ಸಾಕು" ಅಂದರು. ಅವರ ಮಾತಿನಲ್ಲಿ ಹುರುಳಿದೆ. ದೋಣಿ ತೀರಾ ಮೆಲ್ಲಗೆ ಹೋದರೆ ಅಲೆ ಸಣ್ಣದು. ಪೂರ್ತಿ ವೇಗದಲ್ಲಿ ಹಗುರ ದೋಣಿ ನೀರಿನ ಮೇಲೆ ಜಾರುತ್ತ ಹೋಗುತ್ತದೆ. ಇವೆರಡರ ನಡುವೆ, ಮೂತಿ ಮೇಲೆದ್ದು ಹಿಂಭಾಗ ನೀರಿನಲ್ಲಿ ಹೂತಂತೆ ಕಾಣುವ ಹೊತ್ತಿಗೇ ಅಲೆ ಅತಿ ದೊಡ್ಡದು. ಫಲಕ ಕಂಡು ಅರ್ಧ ವೇಗಕ್ಕೆ ಇಳಿಸಿದ ಚಾಲಕ ಕೆಲವೊಮ್ಮೆ ಇನ್ನೂ ಹೆಚ್ಚು ದಂಡೆ ಕೊರೆದಾನು! ಹಾಗಾಗಿ ಫಲಕ ಅಲೆಯ ಮಾತನ್ನೇ ಆಡಬೇಕು, ಅಂಕಿ ಕೆಳಗಿರಲಿ ಎಂಬುದು ನನ್ನ ಪಕ್ಷ.

ಆದರೆ ಯಾವ ಪದ? 'ಅಲೆ', 'ತೆರೆ' ಎರಡೂ ಗಾಳಿಯಿಂದೇಳುವುದಕ್ಕೂ ಸಲ್ಲುತ್ತವೆ. ಅದನ್ನು ಎಬ್ಬಿಸಬೇಡಿ ಎಂದು ಯಾರಿಗೆ ಹೇಳುವುದು? 'ಜಾಡು' ಗುರುತನ್ನು ಹೇಳುತ್ತದೆ, ಪೆಟ್ಟನ್ನು ಹೇಳುವುದಿಲ್ಲ. 'ಹಿಂದಲೆ' ನಾನೇ ಕಟ್ಟಿದ್ದು. ಬಾಯಿಬಿಟ್ಟು ಹೇಳಿದರೆ 'ಹಿಂದೆಲೆ' ಎಂದು ಕೇಳಿಸಿ ಎಲೆ ನೆನಪಾಗುತ್ತದೆ. 'ದೋಣಿಯಲೆ' ಸದ್ಯಕ್ಕೆ ಮುಂದಿದೆ, ಕಿವಿಗೆ ಮಾತ್ರ ಇನ್ನೂ ಒಗ್ಗಿಲ್ಲ. ಅಂಬಿಗರ 'ನೀರು ಏಳಿಸು' ಎಲ್ಲಕ್ಕಿಂತ ಸಹಜ, ಆದರೆ ಹೊರಗಿನ ಚಾಲಕನಿಗೆ ಅದು ನೀರು ಎರಚಬೇಡಿ ಎಂದಂತೆಯೂ ತೋರೀತು.

ನದಿ ನಡುವಿನ ನೆಲಕ್ಕೆ ನಮ್ಮಲ್ಲಿ ಕುರ್ವೆ ಎಂದೂ ಕುಂದಾಪುರದ ಕಡೆ ಕುದ್ರು ಎಂದೂ ಬೇರೆ ಬೇರೆ ಹೆಸರಿಟ್ಟ ಜನ, ದಿನವೂ ಕಾಣುವ ಈ ಅಲೆಗೆ ಹೆಸರಿಡದೆ ಬಿಟ್ಟಿರಲಾರರು ಎಂಬ ಆಸೆ ನನ್ನದು. ಗಂಗೊಳ್ಳಿ, ತದಡಿ, ಕಾರವಾರದ ಕಡೆಯವರು, ಕಾವೇರಿಯಲ್ಲಿ ಹರಿಗೋಲು ಹಾಕುವವರ ಮಾತು ಬಲ್ಲವರು, ಮನೆಯಲ್ಲಿ ಏನನ್ನುತ್ತಾರೆಂದು ತಿಳಿಸುವಿರಾ? ತುಳು, ಕೊಂಕಣಿ ಮಾತಾದರೂ ಸರಿ.

ಫಲಕ ಬರೆಯುವವನು ಸೋಮವಾರ ಬರುತ್ತಾನೆ.